24 ವೋಲ್ಟಿನ ಮಿಷನ್ನಲ್ಲಿ 12 ವೋಲ್ಟಿನ ರೇಡಿಯೋ

ಹೊಲ ಸಮ ಮಾಡೋಕೆ, ಪಾಯ ತೆಗೆಯೋಕೆ, ಕೆರೆ ಹೂಳೆತ್ತೋಕೆ ಅಂತ ಈಗ ನಮ್ಮ ಹಾಸನದ ಕಡೆ ಯಾವ ಊರಿಗೆ ಹೋದ್ರೂ ಒಂದು ಹಳದಿ ಮಿಷನ್ನು ಕಣ್ಣಿಗೆ ಬಿದ್ದೇ ಬೀಳ್ತದೆ. ಗಂಟೆಗೆ ಎಷ್ಟು ಬಾಡಿಗೆ, ಎಷ್ಟು ಡೀಸೆಲ್ ಕುಡೀತದೆ ಅಂತ ಎಲ್ರೂ ಕೇಳ್ತಾರೆ. ಒಳಗೆ ಕೂತೋನ ತಲೆ ಮ್ಯಾಲೆ ಹಾಡ್ತಿರೋ ರೇಡಿಯೋ ಅಲ್ಲಿಗೆ ಹೆಂಗೆ ಬಂತು ಅಂತ ಮಾತ್ರ ಯಾರೂ ಕೇಳಲ್ಲ. ಬಹಳ ವರ್ಷ ಅದು ಕಂಪ್ನಿ ಕೊಟ್ಟಿದ್ದೂ ಆಗಿರ್ಲಿಲ್ಲ, ಓನರ್ ಕೊಡಿಸಿದ್ದೂ ಆಗಿರ್ಲಿಲ್ಲ. ಆಪರೇಟ್ರು ತನ್ನ ಜೇಬಿಂದ ದುಡ್ಡು ಹಾಕಿ, ತನ್ನ ಕೈಯಾರೆ ತಂತಿ ಎಳ್ಕಂಡು ಕೂರಿಸ್ಕಂಡಿದ್ದು. ನಮ್ಮಪ್ಪ ಹೊಳೆನರಸೀಪುರದಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ರು, ನಮ್ಮ ಸೋದರಮಾವ ಮಿಷನ್ ಓಡಿಸ್ತಿದ್ರು. ಹಂಗಾಗಿ ಈ ವಿಚಾರ ನಮ್ಮನೇಲಿ ಮುದ್ದೆ ಮುರಿಯೋ ಹೊತ್ತಿಗೆ ಬತ್ತಾನೇ ಇತ್ತು.

ಗಾಡಿಗೆ ರೇಡಿಯೋ ಕೂರಿಸೋ ಆಸೆ ಹಳೇದು. ಅಮೆರಿಕದಲ್ಲಿ ಗ್ಯಾಲ್ವಿನ್ ಅನ್ನೋರ ಕಂಪ್ನಿ 1930ರಲ್ಲಿ ಕಾರಿಗೆ ಅಂತ ಒಂದು ರೇಡಿಯೋ ಮಾಡಿ ‘ಮೊಟೊರೋಲಾ’ ಅಂತ ಹೆಸರಿಡ್ತು. ಅದು ವಾಲ್ವ್ ರೇಡಿಯೋ ಕಾಲ. ಜತೆಗೆ ಪೆಟ್ರೋಲ್ ಎಂಜಿನ್ನಿನ ಪ್ಲಗ್ಗು ಒಂದೊಂದು ಕಿಡಿ ಹಾರಿಸಿದಾಗ್ಲೂ ರೇಡಿಯೋದಲ್ಲಿ ‘ಟರ್ ಟರ್’ ಅಂತ ಕೇಳೋದು. ನಮ್ಮ ಸೀಮೆಗೆ ಬಂದ್ರೆ, ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಾನೇ ರೇಡಿಯೋ ಕೇಂದ್ರ ಶುರು ಮಾಡಿದ್ದು 1935ರಲ್ಲಿ. 1955ರ ನವೆಂಬರ್‌ನಲ್ಲಿ ಬೆಂಗಳೂರು ಆಕಾಶವಾಣಿ ಶುರುವಾಯ್ತು. ಆದ್ರೆ ಆಗ ಕೇಳೋ ಪೆಟ್ಟಿಗೆ ಗೋಡೆ ಗೂಡಲ್ಲಿ ಕೂರೋ ಅಂಥದ್ದು. ಅದನ್ನ ಮಿಷನ್ ಮ್ಯಾಲೆ ಹೊತ್ಕಂಡು ಹೋಗೋ ಮಾತೇ ಇಲ್ಲ. 1947ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದ್ರು. ಅದಾಗಿ ಏಳೆಂಟು ವರ್ಷಕ್ಕೆ ಕೈಲಿ ಹಿಡಿಯೋ ರೇಡಿಯೋ ಪೇಟೆಗೆ ಬಂತು, ಆಮೇಲೆ ನಮ್ಮೂರಿನ ಹೆಗಲಿಗೂ ಬಂತು.

ರೇಡಿಯೋ ಸಣ್ಣದಾದ್ರೂ ಅದನ್ನ ಇಡೋಕೆ ಮಿಷನ್ನಲ್ಲಿ ಜಾಗ ಬೇಕಲ್ಲ? 1964ರಲ್ಲಿ ಬಿಇಎಂಎಲ್ ಶುರುವಾದ ಮ್ಯಾಲೆ ನಮ್ಮ ರಾಜ್ಯದಲ್ಲೇ ಬುಲ್ಡೋಜರ್ ತಯಾರಾಗೋಕೆ ಹತ್ತಿದ್ವು. ಗೊರೂರಲ್ಲಿ ಹೇಮಾವತಿಗೆ ಡ್ಯಾಮು ಕಟ್ಟಿ ಮುಗಿದಿದ್ದು 1979ರಲ್ಲಿ. ಸುಮಾರು 4,700 ಮೀಟರ್ ಉದ್ದದ ಕಟ್ಟೆ ಅದು, ಬಹುಪಾಲು ಮಣ್ಣಿನ ಏರಿ. ಆಮೇಲೆ ನಾಲೆ ಕೆಲಸ ವರ್ಷಗಟ್ಟಲೆ ನಡೀತು. ಚನ್ನರಾಯಪಟ್ಟಣದ ಕಡೆ ಬಾಗೂರು–ನವಿಲೆ ಹತ್ರ ನೆಲದೊಳಗೇ ಸುರಂಗ ಕೊರೆದು ನೀರು ದಾಟಿಸಿದ್ರು. ಆ ಕಾಲದ ಡೋಜರುಗಳಲ್ಲಿ ಮುಚ್ಚಿದ ಕ್ಯಾಬಿನ್ ಇರ್ತಿದ್ದಿದ್ದು ಕಮ್ಮಿ. ಒಂದು ಸೀಟು, ಎದುರಿಗೆ ಲಿವರ್ರು, ಪುಣ್ಯ ಇದ್ರೆ ತಲೆ ಮ್ಯಾಲೆ ಒಂದು ತಗಡು. ಬಿಸ್ಲು, ಧೂಳು, ಹೊಗೆ ಎಲ್ಲಾ ಕೂತೋನಿಗೇ.

ಮಾವ ನಾಲೆ ಕೆಲಸಕ್ಕೆ ಸೇರಿದಾಗ ರೇಡಿಯೋ ಮಿಷನ್ ಮ್ಯಾಲೆ ಇರ್ತಿರ್ಲಿಲ್ಲ, ಮರದ ಕೊಂಬೇಲಿ ಇರ್ತಿತ್ತು. ಊಟದ ಹೊತ್ತಿಗೆ ಎಂಜಿನ್ ಆಫ್ ಮಾಡಿ ಎಲ್ರೂ ಆ ಮರದಡೀಲೇ ಕೂತು ಬೆಂಗಳೂರನ್ನೋ ಭದ್ರಾವತಿಯನ್ನೋ ಕೇಳೋರು. ಸೆಲ್ಲು ವೀಕಾದ್ರೆ ಮನೇಗೆ ತಂದು ಅಮ್ಮನ ಕೈಗೆ ಕೊಡೋರು. ಅಮ್ಮ ಹಪ್ಪಳದ ಜತೇಲೇ ಅದನ್ನೂ ಬಿಸ್ಲಿಗೆ ಇಡೋರು. ಬಿಸಿ ತಾಗಿದ ಸೆಲ್ಲು ಇನ್ನೊಂದೆರಡು ದಿನ ಉಸಿರಾಡ್ತದೆ, ನಿಮ್ಮನೇಲೂ ಮಾಡಿರ್ತೀರ.

ಮುಚ್ಚಿದ ಕ್ಯಾಬಿನ್ ಬಂದಿದ್ದು ಆಮೇಲೆ. ಹರಿಯಾಣದ ಬಲ್ಲಭಗಢದಲ್ಲಿ ಎಸ್ಕಾರ್ಟ್ಸ್ ಜತೆ ಸೇರಿ ಜೇಸಿಬಿ ಶುರುವಾಗಿದ್ದು 1979ರಲ್ಲಿ. 80ರ ದಶಕದಲ್ಲಿ ಟಾಟಾದೋರು ಜಪಾನಿನ ಹಿಟಾಚಿ ಜತೆ ಕೈ ಸೇರಿಸಿದ್ರು, ಮುಂದೆ ಧಾರವಾಡದಲ್ಲೂ ಅವರ ಕಾರ್ಖಾನೆ ಆಯ್ತು. ಈಗ ನಮ್ಮ ಕಡೆ ರಬ್ಬರ್ ಗಾಲಿದೆಲ್ಲಾ ‘ಜೇಸಿಬಿ’, ಚೈನಿನ ಮ್ಯಾಲೆ ನಡೆಯೋದೆಲ್ಲಾ ‘ಹಿಟಾಚಿ’, ಕಂಪ್ನಿ ಯಾವ್ದಾದ್ರೂ ಇರ್ಲಿ. ಕ್ಯಾಬಿನ್ ಬಂತು, ಬಾಗ್ಲು ಬಂತು, ರೇಡಿಯೋ ಒಳಕ್ಕೆ ಹೋಯ್ತು. ಒಳಕ್ಕೆ ಹೋದ ತಕ್ಷಣ ಹಾಡು ನಿಂತೋಯ್ತು!

ಯಾಕಂದ್ರೆ ಕ್ಯಾಬಿನ್ ಅನ್ನೋದು ಕಬ್ಬಿಣದ ಪೆಟ್ಟಿಗೆ. ಆಗಿನ ಮೀಡಿಯಂ ವೇವ್ ರೇಡಿಯೋಗೆ ಆಂಟೆನಾ ಅಂದ್ರೆ ಒಳಗಿರೋ ಒಂದು ಕರೀ ಕಡ್ಡಿ, ಅದರ ಮ್ಯಾಲೆ ಸುತ್ತಿರೋ ತಂತಿ. ಸುತ್ತ ಕಬ್ಬಿಣ ಇದ್ರೆ ಅದಕ್ಕೆ ಅಲೆ ಸರಿಯಾಗಿ ಸಿಕ್ಕಲ್ಲ. ಸಾಲದ್ದಕ್ಕೆ ಅದು ದಿಕ್ಕು ನೋಡ್ತದೆ. ಹಿಟಾಚಿ ಮಣ್ಣು ತುಂಬ್ಕಂಡು ಲಾರಿ ಕಡೆ ತಿರುಗಿದ್ರೆ ಹಾಡು ಬರೋದು, ಗುಂಡಿ ಕಡೆ ತಿರುಗಿದ್ರೆ ಹೋಗೋದು. ಅಪ್ಪ ಇದನ್ನ ನೋಡಿ ಹೊಟ್ಟೆ ಹಿಡ್ಕಂಡು ನಕ್ಕಿದ್ರು. ಆಮೇಲೆ ಕಾರಿನ ರೇಡಿಯೋ ತಂದು, ಆಂಟೆನಾ ಕಡ್ಡೀನ ಕ್ಯಾಬಿನ್ ಹೊರಗೆ ನಿಲ್ಲಿಸಿ, ಅದರ ವೈರಿನ ಮ್ಯಾಲಿನ ಜಾಲರೀನ ಬಾಡಿಗೆ ಗಟ್ಟಿಯಾಗಿ ಅರ್ತ್ ಮಾಡಿದ್ರು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ, ಅದೊಂದು ಪುಣ್ಯ. ಆದ್ರೆ ಆಲ್ಟರ್ನೇಟರಿನ ‘ಕುಂಯ್’ ಅನ್ನೋ ಸದ್ದು ಎಂಜಿನ್ ಏರಿದಂಗೆ ಏರೋದು. ಅದಕ್ಕೆ ಲೈನಲ್ಲಿ ಒಂದು ಕಂಡೆನ್ಸರ್ ಕೂರಿಸ್ಬೇಕು. ಹಾಸನ ಆಕಾಶವಾಣಿ 102.2ರಲ್ಲಿ ಎಫ್ಎಂ ಶುರು ಮಾಡಿದ ಮ್ಯಾಲೆ ಈ ಗೋಳು ಬಹಳ ಕಮ್ಮಿ ಆಯ್ತು.

ದೊಡ್ಡ ತಕರಾರು ಇದ್ದಿದ್ದು ಬ್ಯಾಟ್ರೀದು. ಜೇಸಿಬಿ, ಟ್ರ್ಯಾಕ್ಟರ್ರು ಸಾಮಾನ್ಯವಾಗಿ 12 ವೋಲ್ಟು. ಹಿಟಾಚಿ, ಡೋಜರ್ರು 24. ಅಂದ್ರೆ 12ರ ಎರಡು ಬ್ಯಾಟ್ರಿ ಒಂದರ ಹಿಂದೊಂದು. ಕಾರಿನ ರೇಡಿಯೋಗೆ ಬೇಕಾಗಿದ್ದು ಬರೀ 12. ಹಂಗಾಗಿ ಆಪರೇಟ್ರುಗಳು ಸುಲಭದ ದಾರಿ ಹಿಡಿಯೋರು: ಎರಡ್ರಲ್ಲಿ ಒಂದು ಬ್ಯಾಟ್ರಿಯಿಂದ ಮಾತ್ರ ತಂತಿ ಎಳೆಯೋದು. ರೇಡಿಯೋ ಚೆನ್ನಾಗಿ ಹಾಡ್ತದೆ. ಆದ್ರೆ ಜೋಡೆತ್ತಲ್ಲಿ ಒಂದಕ್ಕೆ ಮಾತ್ರ ರಾತ್ರಿ ಪೂರಾ ಗಾಣಕ್ಕೆ ಕಟ್ಟಿ, ಬೆಳಿಗ್ಗೆ ಎರಡನ್ನೂ ಒಂದೇ ನೊಗಕ್ಕೆ ಹೂಡಿದಂಗೆ ಅದು. ಚಾರ್ಜ್ ಆಗೋವಾಗ ಎರಡ್ರೊಳಗೂ ಹರಿಯೋದು ಒಂದೇ ಕರೆಂಟು. ಇಳಿದಿರೋದು ಯಾವತ್ತೂ ತುಂಬಲ್ಲ, ತುಂಬಿರೋದು ಇನ್ನೂ ತುಂಬಿ ಕುದೀತದೆ. ಕೆಲವು ತಿಂಗಳಲ್ಲಿ ಎರಡೂ ಹೋಗ್ತವೆ.

ಹಂಗೆ ಮಾವನ ಮಿಷನ್ನಿನ ಬ್ಯಾಟ್ರಿ ಹೋದಾಗ ಆ ಕಂತ್ರಾಟುದಾರ ಎರಡರ ದುಡ್ಡನ್ನೂ ಅವರ ಸಂಬಳದಲ್ಲೇ ಹಿಡ್ಕಂಡ. ಆ ತಿಂಗಳು ಅತ್ತೆ ನಮ್ಮನೇಗೆ ಬಂದು ರಾಗಿ ಒಯ್ದಿದ್ದು ನನಗೆ ಚೆನ್ನಾಗಿ ನೆಪ್ಪೈತೆ. ಅಪ್ಪ ರೇಗಿದ್ದು ಮಾವನ ಮ್ಯಾಲಲ್ಲ. “ಲಕ್ಷಗಟ್ಟಲೆ ಮಿಷನ್ ತಂದೋರು ಸೀಟ್ ಕೊಟ್ಟವ್ರೆ, ಲೈಟ್ ಕೊಟ್ಟವ್ರೆ. ಹತ್ತು ಗಂಟೆ ಒಬ್ನೇ ಕೂರೋನಿಗೆ ಒಂದು 12 ವೋಲ್ಟಿನ ಪಾಯಿಂಟ್ ಕೊಡೋಕಾಗ್ಲಿಲ್ವಂತಾ?” ಅಂದಿದ್ರು.

ಅಪ್ಪ ಕಂಡ್ಕಂಡ ದಾರಿ 7812 ಅನ್ನೋ ಮೂರು ಕಾಲಿನ ಐಸಿ. ಎಷ್ಟು ವೋಲ್ಟ್ ಬಂದ್ರೂ 12 ಮಾತ್ರ ಹೊರಗೆ ಬಿಡ್ತದೆ, 35ರ ತಂಕ ತಡೀತದೆ. ಆದ್ರೆ ಮಿಷನ್ ಓಡೋವಾಗ 24 ಅನ್ನೋದು 28 ಆಗಿರ್ತದೆ. ಮಿಕ್ಕಿದ 16 ವೋಲ್ಟೂ ಬಿಸಿಯಾಗೇ ಹೋಗ್ಬೇಕು. ಒಂದು ಆಂಪಿಯರ್ ಎಳೆದ್ರೆ 16 ವ್ಯಾಟ್, ಸಣ್ಣ ಸೋಲ್ಡರಿಂಗ್ ಕಡ್ಡಿಯಷ್ಟು ಕಾವು. ಅದಕ್ಕೆ ಅಪ್ಪ ಅದನ್ನ ದಪ್ಪ ಅಲ್ಯುಮಿನಿಯಂ ಪಟ್ಟಿಗೆ ಬಿಗಿದು ಗಾಳಿ ಆಡೋ ಕಡೆ ಕೂರಿಸೋರು. ಮುಂದೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ 24ರಿಂದ 12ಕ್ಕೆ ಇಳಿಸೋ ರೆಡಿ ಕನ್ವರ್ಟರ್ ಸಿಗೋಕೆ ಶುರುವಾಯ್ತು, ಕೆಲಸ ಹಗುರಾಯ್ತು. ಎರಡು ಬ್ಯಾಟ್ರಿಯಿಂದಲೂ ಸಮ ಎಳೀತದೆ, ತಂಟೆ ಇಲ್ಲ. ಬ್ಯಾಟ್ರಿ ಪಕ್ಕದಲ್ಲೇ ಒಂದು ಫ್ಯೂಸು ಹಾಕ್ದೆ ಅಪ್ಪ ಯಾರ ಮಿಷನ್ನೂ ಕಳಿಸ್ತಿರ್ಲಿಲ್ಲ. ಅದುರೋ ಕ್ಯಾಬಿನ್ನಲ್ಲಿ ತಂತಿ ಸವೆದು ಬಾಡಿಗೆ ತಾಗಿದ್ರೆ ಬೆಂಕಿಯೇ.

ಅದುರೋದ್ರಿಂದ ಒಳಗಿನ ಸೋಲ್ಡರ್ರೂ ಬಿಡ್ತಿತ್ತು. ಹೊರಗಿಂದ ನೋಡಿದ್ರೆ ಚೆನ್ನಾಗೇ ಕಾಣೋದು, ತಟ್ಟಿದ್ರೆ ಹಾಡೋದು, ಬಿಟ್ರೆ ನಿಲ್ಲೋದು. ರೇಡಿಯೋ ಅಡಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಪದರ ಹಾಕೋ ಉಪಾಯ ಅಮ್ಮನದು. ಗ್ರೈಂಡರ್ ಕೆಳಗೆ ಅವರು ಅದನ್ನೇ ಇಟ್ಟಿದ್ರು.

ಇಷ್ಟೆಲ್ಲಾ ಆದ್ರೂ ಒಂದಕ್ಕೆ ಮಾತ್ರ ಅಪ್ಪನ ಹತ್ರ ಮದ್ದಿರ್ಲಿಲ್ಲ. ಹಳೇ ಮಿಷನ್ನುಗಳ ಸೀಟಲ್ಲಿ ಸದ್ದು 90 ಡೆಸಿಬಲ್ ದಾಟೋದು. ಅದರ ಮ್ಯಾಲೆ ಹಾಡು ಕೇಳ್ಬೇಕು ಅಂದ್ರೆ ಹಾಡು ಇನ್ನೂ ಜೋರಾಗ್ಬೇಕು. ಕಿವಿ ಬಗ್ಗೆ ತಿಳಿದೋರ ಲೆಕ್ಕ ಹಿಂಗೈತೆ: 85 ಡೆಸಿಬಲ್ ಸದ್ದನ್ನ ದಿನಕ್ಕೆ 8 ಗಂಟೆ ತಡೀಬೋದು, 3 ಏರಿದಂಗೆಲ್ಲಾ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಮಾವ ಹತ್ತು ಗಂಟೆ ಕೂರೋರು, ಇಪ್ಪತ್ತಕ್ಕೂ ಹೆಚ್ಚು ವರ್ಷ. ಮೊದ್ಲು ಹಕ್ಕಿ ಕೂಗೋದು ಕೇಳ್ದಂಗಾಯ್ತು, ಆಮೇಲೆ ಮೊಮ್ಮಗಳ ಮಾತು. ಮಿಷನ್ ಹಿಂದೆ ನಿಂತು ಹೆಲ್ಪರ್ ಹುಡುಗ ಕೂಗಿದ್ದು ಕೇಳ್ದೇ ಒಂದಿನ ಕೂದಲೆಳೆಯಲ್ಲಿ ತಪ್ತಂತೆ. ಅವತ್ತಿಂದ ರಿವರ್ಸ್ ಹಾಕೋವಾಗ ರೇಡಿಯೋ ಆಫ್ ಮಾಡೋರು. ಕಿವಿ ಹೋಗಿದ್ದು ರೇಡಿಯೋದಿಂದ ಅಂತ ಅತ್ತೆ ಇವತ್ತಿಗೂ ಬೈತಾರೆ. ನನಗೆ ಹಂಗನ್ಸಲ್ಲ. ಹಾಡು ಜೋರು ಮಾಡೋಕೆ ಕಾರಣ ಎಂಜಿನ್ ಸದ್ದು. ಆ ಸದ್ದು ಕ್ಯಾಬಿನ್ ಒಳಕ್ಕೆ ಬರ್ದಂಗೆ ತಡೆಯೋದು ಮಿಷನ್ ಮಾಡೋರ ಕೈಲಿತ್ತು, ಕಿವಿಗೆ ಮುಚ್ಚಳ ಕೊಡೋದು ಓನರ್ ಕೈಲಿತ್ತು.

ಈಗಿನ ಹೊಸ ಮಿಷನ್ನುಗಳಲ್ಲಿ ಎಸಿ ಕ್ಯಾಬಿನ್ ಸಿಗ್ತದೆ, ರಬ್ಬರ್ ಬೀಡಿಂಗಿನ ಬಾಗ್ಲು, ಬ್ಲೂಟೂತ್ ಇರೋ ರೇಡಿಯೋ, 12 ವೋಲ್ಟಿನ ಪಾಯಿಂಟೂ ಬತ್ತಾವೆ. ಅಪ್ಪ ಅವತ್ತು ಕೇಳಿದ್ದು ಅಷ್ಟೇ. ಆದ್ರೆ ಹೊಸ ಮಿಷನ್ ಎಲ್ರ ಕೈಗೂ ಬರಲ್ಲ. ಕೈ ಬದಲಾದ ಹಳೇ ಮಿಷನ್ನುಗಳು ನಮ್ಮ ಅರಕಲಗೂಡು, ಹೊಳೆನರಸೀಪುರದ ಕಡೆ ಇನ್ನೂ ದುಡೀತಾನೇ ಅವೆ, ಒಳಗೆ ನಮ್ಮ ಹುಡುಗ್ರೇ ಕೂತವ್ರೆ. ನಿಮ್ಮನೇಲೂ ಅಂಥೋರು ಒಬ್ರಿದ್ರೆ ಎರಡು ಮಾತು ಕೇಳಿ: ರೇಡಿಯೋ ತಂತಿ ಒಂದೇ ಬ್ಯಾಟ್ರಿಯಿಂದ ಬಂದೈತಾ? ಸಂಜೆ ಮನೇಗೆ ಬಂದಾಗ ಕಿವೀಲಿ ‘ಗುಂಯ್’ ಅಂತದಾ? ಮೊದಲ್ನೇದಕ್ಕೆ ಹೂಂ ಅಂದ್ರೆ ಒಂದು ಕನ್ವರ್ಟರ್ ಹಾಕ್ಸಿ. ಎರಡನೇದಕ್ಕೂ ಹೂಂ ಅಂದ್ರೆ ತಡ ಮಾಡ್ಬೇಡಿ, ಕಿವಿ ಡಾಕ್ಟ್ರ ಹತ್ರ ಕರ್ಕಂಡ್ ಹೋಗಿ.