ಸರಾಸರಿಗೆ ಸಿಗದ ನಾರು

ಸ್ಪ್ರೂಸ್ ಮರದ ನಾರು ಸುಮಾರು 3 ಮಿ.ಮೀ. ಉದ್ದ, ನೀಲಗಿರಿಯದು 1 ಮಿ.ಮೀ.ಗೂ ಕಡಿಮೆ. ಹಿಂದೆ ಇವನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಅಳೆಯಬೇಕಿತ್ತು. ಕಣ್ಣು ಸೋಲುವ ಕೆಲಸ. ಆಮೇಲೆ ಬಂದ ಬಾವರ್-ಮೆಕ್‌ನೆಟ್ ಯಂತ್ರ ನಮ್ಮ ಅಡುಗೆಮನೆಯ ಜರಡಿಯ ಅಣ್ಣನೇ ಸರಿ. 10 ಗ್ರಾಂ ತಿರುಳನ್ನು ಸಾಲುತೊಟ್ಟಿಗಳಲ್ಲಿ 20 ನಿಮಿಷ ನೀರಿನೊಡನೆ ಹರಿಸಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಜಾಲರಿಗಳಲ್ಲಿ ಉಳಿದದ್ದನ್ನು ಒಣಗಿಸಿ ತೂಗುವುದು.

1980ರ ದಶಕದಲ್ಲಿ ಫಿನ್‌ಲೆಂಡಿನ ಕಯಾನಿ ಉಪಕರಣ ಸಣ್ಣ ನಳಿಗೆಯಲ್ಲಿ ಹಾಯುವ ನಾರುಗಳನ್ನು ಧ್ರುವೀಕೃತ ಬೆಳಕಿನಲ್ಲಿ ಅಳೆಯತೊಡಗಿತು. ಆಗ ಲೆಕ್ಕದ ತಕರಾರು ಎದ್ದು ಕಂಡಿತು. ಪುಡಿನಾರು ಎಣಿಕೆಯಲ್ಲಿ ಬಹಳ, ತೂಕದಲ್ಲಿ ಅತ್ಯಲ್ಪ. ತಲೆ ಎಣಿಸಿದರೆ ಸರಾಸರಿ ಕುಸಿಯುತ್ತದೆ. (ಪ್ರಾಜೆಕ್ಟ್ ವರದಿ ಓದುವವರಿಗೆ ಈ ಸಂಕಟ ಗೊತ್ತು.) ಅದಕ್ಕೇ ಉದ್ದದ ನಾರಿಗೆ ಹೆಚ್ಚು ತೂಕ ಕೊಡುವ ಸರಾಸರಿ ರೂಢಿಗೆ ಬಂತು. ಆದರೂ ಹಾಳೆ ಹರಿಯದಂತೆ ಹಿಡಿಯುವುದು ಉದ್ದ ನಾರು, ಬರೆಯಲು ನಯ ಕೊಡುವುದು ಗಿಡ್ಡ ನಾರು. ಎರಡನ್ನೂ ಬೆರೆಸುವ ಗಿರಣಿಯವರು ಒಂದು ಅಂಕಿಗೆ ತೃಪ್ತರಾಗದೆ ಇಡೀ ಹಂಚಿಕೆಯ ನಕ್ಷೆಯನ್ನೇ ಕೇಳುತ್ತಾರೆ.