ಜಾಲಹಳ್ಳಿಯ ಅಳತೆ, ಪೀಣ್ಯದ ಶೆಡ್ಡು

ಬೆಂಗಳೂರಿನ ಸಣ್ಣ ವರ್ಕ್‌ಶಾಪುಗಳು ಬೆಳೆದದ್ದು ಇಲ್ಲಿ ಕೂಲಿ ಅಗ್ಗವಾಗಿದ್ದರಿಂದ ಎನ್ನುವವರಿದ್ದಾರೆ. ಪೀಣ್ಯದಲ್ಲಿ ಲೇಥ್ ನಡೆಸಿ ಸಂಸಾರ ಸಾಕಿದ ನಾನು ಇದನ್ನು ಒಪ್ಪುವುದಿಲ್ಲ. ದೊಡ್ಡ ಕಾರ್ಖಾನೆಗಳೊಳಗಿನ ಅಳತೆಯ ಶಿಸ್ತು ಕಾಂಪೌಂಡು ದಾಟಿ ನಮ್ಮ ಶೆಡ್ಡುಗಳಿಗೆ ಬಂತು. ನಮಗೆ ಅನ್ನ ಹುಟ್ಟಿದ್ದು ಅದರಿಂದ.

1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ತೆರೆದರು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಲೇಥ್ ತಯಾರಿ ಶುರುವಾದಾಗ, ನಂಬಿಕೊಂಡು ಬಿಡಿಭಾಗ ಮಾಡಿಸಬಹುದಾದ ಜನ ಹೊರಗೆ ವಿರಳ. ಹಾಗಾಗಿ ಬಹುಪಾಲು ಕೆಲಸ ಒಳಗೇ ಆಗಬೇಕಿತ್ತು. ಆ ಮೇಲೆ ಎಚ್‌ಎಂಟಿಯೇ ತನ್ನ ಪಕ್ಕದಲ್ಲಿ ಪೂರಕ ಘಟಕಗಳಿಗಾಗಿ ಒಂದು ಎಸ್ಟೇಟ್ ಕಟ್ಟಿಸಿತು. ಅದು ದೂರದೃಷ್ಟಿಯ ಕೆಲಸ. ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಪಳಗಿದವರಲ್ಲಿ ಎಷ್ಟೋ ಜನ ಮುಂದೆ ಸ್ವಂತ ಶೆಡ್ಡು ಹಾಕಿದರು. ಯಂತ್ರವನ್ನು 1955ರಲ್ಲಿ ಹುಟ್ಟಿದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮದಿಂದ ಕಂತಿನ ಮೇಲೆ ತರಬಹುದಿತ್ತು. ರಾಜಾಜಿನಗರ ತುಂಬಿತು, ಎಪ್ಪತ್ತರ ದಶಕದಲ್ಲಿ ಪೀಣ್ಯ ಬೆಳೆಯಿತು.

ನನಗೆ ಕೆಲಸ ಕಲಿಸಿದ ಯಜಮಾನರೂ ಅಂಥದೇ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇದ್ದು ಬಂದವರು. ಡ್ರಾಯಿಂಗ್ ಕೈಗೆ ಬಂದ ತಕ್ಷಣ ಅವರು ರೇಟು ಹೇಳುತ್ತಿರಲಿಲ್ಲ. ಮೊದಲು ಟಾಲರೆನ್ಸ್ ಓದುತ್ತಿದ್ದರು, ಆಮೇಲೆ ಪ್ರತಿ ಆಪರೇಷನ್‌ಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆಯುತ್ತಿದ್ದರು. ಕರೆಂಟು, ಟೂಲ್ ಬಿಟ್, ಬಾಡಿಗೆ, ಕೂಲಿ ಎಲ್ಲ ಸೇರಿಸಿ ತೆಗೆದ ಗಂಟೆಯ ದರದಲ್ಲಿ ಆ ನಿಮಿಷಗಳಿಗೆ ಲೆಕ್ಕ ಹಾಕಿದರೆ ರೇಟು. ಅದಕ್ಕಿಂತ ಕಡಿಮೆಗೆ ಕೇಳಿದರೆ ಡ್ರಾಯಿಂಗ್ ಮಡಚಿ, ಕೈಮುಗಿದು ವಾಪಸು ಕೊಡುತ್ತಿದ್ದರು. ಬೇಡ ಎನ್ನಲು ಬಂದವನೇ ಈ ಕಸುಬಿನಲ್ಲಿ ಉಳಿದ ಎಂದು ನಾನು ನಂಬಿದ್ದೇನೆ.

ಲೇಬರ್ ಜಾಬ್ ಎಂದರೆ ಕಂಪನಿಯೇ ರಾಡು ತೂಗಿ ಕೊಡುತ್ತದೆ. ಪೀಸುಗಳು, ಉಳಿದ ತುಂಡುಗಳು, ಚೂರು ಎಲ್ಲ ಸೇರಿ ಆ ತೂಕಕ್ಕೆ ತಾಳೆಯಾಗಬೇಕು. ಮೊದಲ ಪೀಸಿಗೆ ಇನ್‌ಸ್ಪೆಕ್ಟರ್ ಸಹಿ ಬೀಳುವ ತನಕ ಎರಡನೆಯದಕ್ಕೆ ಕೈ ಹಾಕುವಂತಿಲ್ಲ. ನಮ್ಮ ಯಜಮಾನರು, ಅಳತೆ ಮಿತಿಯೊಳಗಿದೆಯೇ ಎಂದು ನೋಡುವ ಗೋ, ನೋ-ಗೋ ಗೇಜುಗಳನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಇಡಿಸುತ್ತಿದ್ದರು. ಅನುಮಾನ ಬಂದ ಪೀಸನ್ನು ಲಾಟಿನ ನಡುವೆ ಸೇರಿಸಿ ಕಳಿಸಲು ಬಿಡುತ್ತಲೇ ಇರಲಿಲ್ಲ, ಬೇರೆಯಾಗಿಟ್ಟು ಚಲನ್ ಮೇಲೆ ಬರೆಸುತ್ತಿದ್ದರು. ಇದರಿಂದಲೇ ಇನ್‌ಸ್ಪೆಕ್ಷನ್‌ನವರು ನಮ್ಮ ಡಬ್ಬಿಗಳನ್ನು ನಂಬುತ್ತಿದ್ದರು, ಮುಂದಿನ ಆರ್ಡರೂ ಬರುತ್ತಿತ್ತು.

ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡವರಿಗೆ 1991ರ ಆರ್ಥಿಕ ಉದಾರೀಕರಣದ ನಂತರ ಏಟು ಬಿತ್ತು. ಪೂರಕ ಘಟಕ ಎನಿಸಿಕೊಳ್ಳಲು ಉತ್ಪಾದನೆಯ ಅರ್ಧದಷ್ಟಾದರೂ ಬೇರೆ ಕಾರ್ಖಾನೆಗಳಿಗೆ ಹೋಗಬೇಕೆಂಬ ನಿಯಮವಿತ್ತು. ಅನೇಕರು ಪೂರ್ತಿಯಾಗಿ ಒಂದೇ ಗೇಟಿಗೆ ಹಾಕುತ್ತಿದ್ದರು. ಸಾರ್ವಜನಿಕ ರಂಗದ ಕಾರ್ಖಾನೆಗಳ ಆರ್ಡರು ಸೊರಗಿದಾಗ ಅಂಥವರ ಶೆಡ್ಡುಗಳು ಮುಚ್ಚಿದವು. ಆಟೊಮೊಬೈಲ್, ಪಂಪು, ಜವಳಿ ಯಂತ್ರ ಎಂದು ಕೆಲಸ ಹಂಚಿಕೊಂಡವರು ಉಳಿದು, ಸಿಎನ್‌ಸಿ ಯಂತ್ರ ಹಾಕಿದರು. ಅವರಲ್ಲಿ ಕೆಲವರು ಇಂದು ವಿಮಾನದ ಭಾಗ ಮಾಡುತ್ತಾರೆ.

ಆದರೆ ಕೆಟ್ಟ ಕೆಲಸಕ್ಕಿಂತ ತಡವಾದ ಬಿಲ್ಲು ನುಂಗಿದ ಶೆಡ್ಡುಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ತಡವಾದ ಪಾವತಿಗೆ ಬಡ್ಡಿ ಕೊಡಬೇಕೆಂಬ ಕಾನೂನು 1993ರಲ್ಲೇ ಬಂತು. 2006ರ ಕಾಯಿದೆ ಗರಿಷ್ಠ 45 ದಿನಗಳ ಗಡುವು ಹಾಕಿ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಎಂದಿತು. ದೂರು ಕೊಟ್ಟರೆ ಮುಂದಿನ ಆರ್ಡರು ಹೋಗುತ್ತದೆಂಬ ಭಯದಲ್ಲಿ ನಮ್ಮವರು ಸುಮ್ಮನಿದ್ದರು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿ ಬೇರೆ ದಾರಿ ಹಿಡಿದಿದೆ: ಗಡುವು ಮೀರಿದ ಬಾಕಿಯನ್ನು ದೊಡ್ಡ ಕಂಪನಿ ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಬಾಕಿ ನೆನಪಿಸುವ ಕೆಲಸ ಈಗ ಅವರದೇ ಆಡಿಟರಿನ ಪಾಲಿಗೂ ಬಂದಿದೆ. ಇದು ಮೂವತ್ತು ವರ್ಷ ಮೊದಲೇ ಬರಬೇಕಿತ್ತು.