ಮೆಣಸಿನಹಾಡ್ಯದಿಂದ ಕಬ್ಬಿನಾಲೆವರೆಗೆ

2002ರ ನವೆಂಬರ್‌ನಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಒಬ್ಬ ಅಜ್ಜಿಯ ಕಾಲಿಗೆ ಗುಂಡು ತಗುಲಿತು. ಯಾರೂ ಅವರಿಗೆ ಗುರಿಯಿಟ್ಟಿರಲಿಲ್ಲ, ಬಂದೂಕು ಆಕಸ್ಮಿಕವಾಗಿ ಸಿಡಿದಿತ್ತು. ಮಲೆನಾಡಿನ ಕಾಡಿನಲ್ಲಿ ನಕ್ಸಲರಿದ್ದಾರೆಂಬುದು ಹೊರಗಿನವರಿಗೆ ಖಚಿತವಾದದ್ದು ಹೀಗೆ.

ಅದಕ್ಕೂ ಮೊದಲು ಪೀಪಲ್ಸ್ ವಾರ್ ಎಂಬ ನಕ್ಸಲ್ ಗುಂಪಿನ ಓಡಾಟವಿದ್ದದ್ದು ರಾಯಚೂರು ಸೀಮೆಯಲ್ಲಿ. ಪಶ್ಚಿಮ ಘಟ್ಟಕ್ಕೆ ಬಂದವರಿಗೆ ಅಲ್ಲಿ ನಿಜವಾದ ಸಂಕಟವೇ ಎದುರಾಯಿತು. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಬಿದ್ದಿತ್ತು. ಸೀಗೆಕಾಯಿ, ರಾಮಪತ್ರೆ, ಜೇನು ಮಾರಿ ಅಕ್ಕಿ ತರುತ್ತಿದ್ದ ಗೌಡಲು, ಮಲೆಕುಡಿಯ ಮನೆಗಳಲ್ಲಿ ಎತ್ತಂಗಡಿಯ ಭಯ ಹೊಕ್ಕಿತ್ತು. ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿ ಮಾತ್ರ 2005ರ ಕೊನೆಯವರೆಗೂ ನಡೆಯಿತು. ಜೇನು ಕೀಳುವವರಿಂದ ಕಾಡು ಹಾಳು, ಗುಡ್ಡವನ್ನೇ ಅಗೆಯುವವರಿಂದ ಅಲ್ಲ ಎಂಬ ಲೆಕ್ಕ ಆ ಜನರ ಹೊಟ್ಟೆ ಉರಿಸಿತ್ತು. ಆ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಬಂದೂಕು ಬಂದಮೇಲೆ ಈ ದೂರನ್ನು ಕೇಳುವವರೇ ಇಲ್ಲವಾದರು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ನಾಯಕ ಸಾಕೇತ್ ರಾಜನ್ ಹತರಾದರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಜನಚರಿತ್ರೆ ಬರೆದ ವಿದ್ವಾಂಸ ಅವರು. ಅವರ ಅಂತ್ಯ ನನ್ನನ್ನು ಇಂದಿಗೂ ಕಾಡುತ್ತದೆ. ಒಂದು ವಾರವೂ ಕಳೆಯುವ ಮೊದಲೇ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ಮುಗಿಬಿದ್ದರು. ಕಾಡಿನ ದೂರಿಗೂ ಆ ಪೇದೆಗಳಿಗೂ ಏನು ಸಂಬಂಧ?

ಮಧ್ಯ ಭಾರತದ ದಂಡಕಾರಣ್ಯದಲ್ಲಿ ನಕ್ಸಲರು ಹೂಡಿದ್ದ ಲೆಕ್ಕಾಚಾರ ಇಲ್ಲಿ ನಡೆಯುವಂಥದ್ದೇ ಆಗಿರಲಿಲ್ಲ. ಮಲೆನಾಡಿನಲ್ಲಿ ಮನೆಗೊಂದು ಗುಡ್ಡ. ಕಾಡು ದಾಟಿದರೆ ಅಡಿಕೆ ತೋಟ, ತೋಟ ದಾಟಿದರೆ ಟಾರು ರಸ್ತೆ. ದೀರ್ಘಕಾಲದ ಗೆರಿಲ್ಲಾ ಯುದ್ಧ ಈ ನೆಲಕ್ಕೆ ಹೊಂದದು ಎಂದವರು 2006ರ ಹೊತ್ತಿಗೆ ಮಾವೋವಾದಿ ಪಕ್ಷದಿಂದ ಬೇರೆಯಾದರು. ಉಳಿದವರು ಹಟ ಬಿಡಲಿಲ್ಲ. ಇತ್ತ ಕಾರ್ಕಳದಲ್ಲಿ ನೆಲೆಯೂರಿದ ನಕ್ಸಲ್ ನಿಗ್ರಹ ಪಡೆ ಕೂಂಬಿಂಗ್ ನಡೆಸುತ್ತಲೇ ಇತ್ತು. ರಾತ್ರಿ ಬಂದವರಿಗೆ ಊಟ ಹಾಕಿದ್ದಕ್ಕೆ ಪೊಲೀಸರ ವಿಚಾರಣೆ; ಪೊಲೀಸರೊಡನೆ ಮಾತಾಡಿದರೆ ಮಾಹಿತಿದಾರನೆಂಬ ಶಂಕೆ. 2007ರಲ್ಲಿ ಮೆಣಸಿನಹಾಡ್ಯದ ಬಳಿ ಪೊಲೀಸರ ಗುಂಡಿಗೆ ಐವರು ಬಿದ್ದರು. ಅವರಲ್ಲಿ ಸ್ಥಳೀಯ ಆದಿವಾಸಿಗಳೂ ಇದ್ದರು. 2008ರಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ ನಕ್ಸಲರು ಕೊಂದ ಇಬ್ಬರಲ್ಲಿ ಒಬ್ಬರು ಶಾಲಾ ಮೇಷ್ಟ್ರು.

ಆಮೇಲಿನದು ಕರಗುತ್ತ ಹೋದ ಕತೆ. 2014ರ ಡಿಸೆಂಬರ್‌ನಲ್ಲಿ ಭೂಗತರಾಗಿದ್ದ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್ ಅದಕ್ಕಾಗಿ ಓಡಾಡಿದ್ದರು. 2021ರಲ್ಲಿ ನಕ್ಸಲ್ ನಾಯಕ ಬಿ.ಜಿ. ಕೃಷ್ಣಮೂರ್ತಿ ಕೇರಳದಲ್ಲಿ ಬಂಧಿತರಾದರು. 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ಕಾಡಿನಲ್ಲೇ ಉಳಿದಿದ್ದ ನಾಯಕ ವಿಕ್ರಂ ಗೌಡ ಹತರಾದರು. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾಗಿ ತಮ್ಮ ಸಮವಸ್ತ್ರ ಒಪ್ಪಿಸಿದರು. ಅವರ ಕೈಗೆ ಗುಲಾಬಿ ಹೂವೂ ಸಂವಿಧಾನದ ಪ್ರತಿಯೂ ಬಂದವು. ಫೆಬ್ರುವರಿ ಮೊದಲ ಎರಡು ದಿನಗಳಲ್ಲಿ ಕೋಟೆಹೊಂಡ ರವೀಂದ್ರ, ತೊಂಬಟ್ಟು ಲಕ್ಷ್ಮಿ ಬಂದದ್ದರೊಂದಿಗೆ ರಾಜ್ಯದ ನಕ್ಸಲರ ಪಟ್ಟಿ ಮುಗಿಯಿತು.

ಶರಣಾದವರು ಮುಂದಿಟ್ಟ ಬೇಡಿಕೆಗಳಲ್ಲಿ ಕಾಡಂಚಿನ ಜನರ ಭೂಮಿಯ ಹಕ್ಕೂ ಇತ್ತು.